ಕಟ್ಟಿಗೆ ಗಡಿಯಾರದ ಹತ್ತು ನಿಮಿಷ

ಆ ಶನಿವಾರ ಮಾಡಿದ ಕೆಲಸಗಳು: ಹಾಲು ಕಾಯಿಸಿದ್ದು. ಅತ್ತೆಯವರ ಬಿ.ಪಿ. ಗುಳಿಗೆಯನ್ನು ನೀರಿನ ಲೋಟದ ಪಕ್ಕ ತೆಗೆದಿಟ್ಟದ್ದು. ನಲ್ಲಿಯಲ್ಲಿ ನೀರು ಇರುವಾಗಲೇ ಡ್ರಮ್ಮು ತುಂಬಿಸಿದ್ದು. ಯಜಮಾನರ ಡಬ್ಬಿಗೆ ಚಪಾತಿ, ಮೆಂತ್ಯೆ ಪಲ್ಯ. ಮಗಳ ಡಬ್ಬಿಗೆ ಅದೇ ಚಪಾತಿ, ಅದೇ ಪಲ್ಯ, ಆದರೆ ಸುರುಳಿ ಸುತ್ತಿ, ಯಾಕೆಂದರೆ ಸುತ್ತಿದರೆ ಅವಳು ತಿನ್ನುತ್ತಾಳೆ. ಮಳೆಯಲ್ಲಿ ಒಣಗದೆ ಉಳಿದ ಚಾದರವನ್ನು ಫ್ಯಾನಿನ ಕೆಳಗೆ ಎರಡು ಕುರ್ಚಿಗಳ ಮೇಲೆ ಹರವಿದ್ದು. ತೊಗರಿಬೇಳೆಯ ಡಬ್ಬಿಗೆ ಹುಳ ಬಿದ್ದಿತ್ತು, ಆರಿಸಿದ್ದು. ಇಸ್ತ್ರಿಯವನಿಗೆ ಬಟ್ಟೆ ಕೊಟ್ಟು, ಹಿಂದಿನ ವಾರದ ಒಂದು ದಿಂಬಿನ ಚೀಲ ಬಂದಿಲ್ಲವೆಂದು ನೆನಪಿಸಿದ್ದು. ಬಾಲ್ಕನಿಯ ಮೇಜಿನ ಮೇಲಿನ ಕಟ್ಟಿಗೆ ಹುಡಿ ಒರೆಸಿದ್ದು. ಗಡಿಯಾರದ ಎರಡೂ ಮುಳ್ಳುಗಳನ್ನು ಕಿತ್ತು ಸ್ಟೀಲಿನ ಬಟ್ಟಲಿನಲ್ಲಿ ಇಟ್ಟದ್ದು.

ಪಟ್ಟಿಯ ಕೊನೆಯ ಕೆಲಸವನ್ನು ಮಾಡುವುದಿದೆಯೆಂದು ಬೆಳಿಗ್ಗೆ ಎದ್ದಾಗ ನನಗೆ ಗೊತ್ತಿರಲಿಲ್ಲ. ಮುಳ್ಳು ಕೀಳುವುದಕ್ಕೆ ಗಡಿಯಾರ ಮಾಡುವವರು ಯಾರೂ ಇಲ್ಲ.

ಮದುವೆಯಾಗಿ ಧಾರವಾಡದಿಂದ ಮುಂಬಯಿಗೆ ಬಂದ ಮರುವರ್ಷವೇ ನಾನು ದಾದರಿನ ಒಂದು ಆಫೀಸಿನಲ್ಲಿ ಡ್ರಾಫ್ಟ್ಸ್‌ಮನ್ ಆಗಿ ಸೇರಿದೆ. ಹೆಂಗಸಾದರೂ ಹುದ್ದೆಯ ಹೆಸರು ಅದೇ. ಯಂತ್ರಗಳ ಭಾಗಗಳ ನಕಾಶೆ ಬರೆಯುವುದು ಕೆಲಸ. ನನ್ನ ಪಾಲಿಗೆ ಹೆಚ್ಚಾಗಿ ಬರುತ್ತಿದ್ದುದು ಹಲ್ಲಿನ ಚಕ್ರಗಳು. ಮೊದಲು ದೊಡ್ಡ ಬೋರ್ಡಿನ ಮೇಲೆ ಪೆನ್ಸಿಲ್ಲಿನಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ, ಅರ್ಧ ಆಯುಷ್ಯ ಚಕ್ರಗಳಿಗೆ ಹಲ್ಲು ಕೂರಿಸಿದೆ. ನಕಾಶೆಗಳು ಬೇರೆ ಊರಿನ ಕಾರಖಾನೆಗೆ ಹೋಗುತ್ತಿದ್ದವು. ಅಲ್ಲಿ ಅವು ಉಕ್ಕಾಗಿ, ಯಂತ್ರವಾಗಿ, ಎಲ್ಲೋ ತಿರುಗುತ್ತಿದ್ದಿರಬೇಕು. ಒಂದನ್ನಾದರೂ ನಾನು ನೋಡಲಿಲ್ಲ. ಆಫೀಸು ಪುಣೆಯ ಕಡೆಗೆ ಹೋದಾಗ ಕೆಲಸ ಬಿಟ್ಟು ಮನೆಯಲ್ಲಿ ಉಳಿದೆ. ಅಡಿಗೆ ಮಾಡಿ ಮಾಡಿ ಒಂದು ದಿನವೂ ಬಾಯಿಗೆ ಹಾಕಿಕೊಳ್ಳದವಳ ಹಾಗೆ ಅನ್ನಿಸುತ್ತಿತ್ತು. ನಾನು ಬರೆದ ಒಂದು ಚಕ್ರ ನನ್ನ ಕಣ್ಣ ಮುಂದೆ ತಿರುಗಬೇಕು. ಸುಮ್ಮನೆ ತಿರುಗಿದರೆ ಸಾಲದು, ಲೆಕ್ಕದ ಪ್ರಕಾರ ತಿರುಗಬೇಕು. ಅದಕ್ಕಾಗಿ ಗಡಿಯಾರ. ಉಕ್ಕು ಕೊರೆಯುವುದು ಮನೆಯಲ್ಲಿ ಆಗದ ಮಾತು. ಅದಕ್ಕಾಗಿ ಕಟ್ಟಿಗೆ.

ನಕಾಶೆ ಬೇಗ ಆಯಿತು. ಅದೊಂದೇ ಬೇಗ ಆದದ್ದು. ಮೇಲೆ ಕಟ್ಟಿದ ಭಾರ ಕೆಳಗಿಳಿಯುತ್ತ ಚಕ್ರಗಳನ್ನು ಎಳೆಯಬೇಕು. ಕೊನೆಯ ಚಕ್ರದ ಒಂದೊಂದೇ ಹಲ್ಲನ್ನು ಒಂದು ಕೊಕ್ಕೆ ಹಿಡಿದು ಬಿಡಬೇಕು. ಆ ಕೊಕ್ಕೆಯನ್ನು ಲೋಲಕ ಅತ್ತ ಇತ್ತ ಆಡಿಸಬೇಕು. ಲೋಲಕ ಉದ್ದವಾದರೆ ಗಡಿಯಾರ ನಿಧಾನ, ಗಿಡ್ಡವಾದರೆ ಬೇಗ. ಹೇಳುವುದಕ್ಕೆ ಇಷ್ಟೇ.

ಮೊದಲ ಸಲ ಸಾಗವಾನಿ ತಂದೆ. ಕಾಂದಿವಲಿಯ ಕೈಗಾರಿಕಾ ಎಸ್ಟೇಟಿನಲ್ಲಿ ಕೆಡವಿದ ಚಾಳುಗಳ ಹಳೆಯ ಬಾಗಿಲುಗಳನ್ನು ಸೀಳಿ ಮಾರುವ ಒಂದು ಜಾಗವಿದೆ. ಹಳೆಯ ಕಟ್ಟಿಗೆ ಆಡುವಷ್ಟು ಆಡಿ ಮುಗಿಸಿರುತ್ತದೆ, ಇನ್ನು ಉಬ್ಬುವುದಿಲ್ಲ ಎಂದುಕೊಂಡಿದ್ದೆ. ಎರಡು ಹಲಗೆಗಳನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಲೋಕಲ್ ರೈಲಿನ ಲೇಡೀಸ್ ಡಬ್ಬಿ ಹತ್ತಿದೆ. ಬಾಗಿಲಲ್ಲಿ ನಿಂತಿದ್ದ ಒಬ್ಬಳು ಹಲಗೆಯ ಮೇಲೆ ಕೈಯಿಟ್ಟು, "ದೀದಿ, ಯೇ ಕ್ಯಾ ಹೈ?" ಎಂದಳು.

"ಘಡೀ ಹೈ," ಎಂದೆ.

ಅವಳು ಹಲಗೆ ನೋಡಿದಳು, ನನ್ನನ್ನು ನೋಡಿದಳು. "ಬಂದ್ ಪಡೀ ಹೈ ಕ್ಯಾ?" ಎಂದಳು, ನಿಂತುಹೋದ ಗಡಿಯಾರವೇ ಎಂಬಂತೆ.

ದಾದರಿನಲ್ಲಿ ಗಾಡಿ ಬದಲಿಸಿ ಮನೆಯಿರುವ ಸಯನ್ ತಲುಪುವವರೆಗೂ ನಗು ಬರುತ್ತಿತ್ತು. ಜೂನಿನಲ್ಲಿ ನಗು ನಿಂತಿತು. ಪಸೆ ಕುಡಿದ ಸಾಗವಾನಿ ಉದ್ದಕ್ಕೆ ಉಬ್ಬುವುದಿಲ್ಲ, ಅಡ್ಡಕ್ಕೆ ಉಬ್ಬುತ್ತದೆ. ದುಂಡಗಿದ್ದ ಚಕ್ರಗಳು ಮೊದಲ ಮಳೆಯ ಹೊತ್ತಿಗೆ ಮೊಟ್ಟೆಯ ಆಕಾರಕ್ಕೆ ತಿರುಗಿ, ಹಲ್ಲು ಹಲ್ಲಿಗೆ ಕಚ್ಚಿಕೊಂಡು ಕೂತವು. ಮಳೆಗಾಲದಲ್ಲಿ ನಮ್ಮ ಅಡಿಗೆಮನೆಯ ಕಿಟಕಿ ಉಬ್ಬಿ ಮುಚ್ಚಲಾಗದೇ ಇರುವುದನ್ನು ವರ್ಷವರ್ಷ ನೋಡುತ್ತ ಬಂದವಳಿಗೆ ಚಕ್ರವೂ ಹಾಗೇ ಮಾಡುತ್ತದೆಂದು ಹೊಳೆಯಲಿಲ್ಲ. ಅಷ್ಟೂ ಚಕ್ರಗಳನ್ನು ತೆಗೆದು ಬಿಸಿ ಪಾತ್ರೆ ಇಡುವುದಕ್ಕೆ ಮಾಡಿಕೊಂಡೆ. ಇವತ್ತಿಗೂ ನಮ್ಮಲ್ಲಿ ಸಾರಿನ ಪಾತ್ರೆ ಹಲ್ಲಿನ ಚಕ್ರದ ಮೇಲೆಯೇ ಕೂರುತ್ತದೆ.

ಎರಡನೆಯ ಸಲ ಒಳ್ಳೆಯ ಪ್ಲೈವುಡ್. ಅದರ ಪದರಗಳು ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ ಅಂಟಿಕೊಂಡಿರುವುದರಿಂದ ಒಂದನ್ನೊಂದು ಹಿಡಿದಿಟ್ಟುಕೊಳ್ಳುತ್ತವೆ. ನಕಾಶೆಯ ಕಾಗದವನ್ನು ಅದರ ಮೇಲೆ ಅಂಟಿಸಿ, ತೆಳ್ಳನೆಯ ಅಲಗಿನ ಗರಗಸದಿಂದ ಹಲ್ಲು ಹಲ್ಲಾಗಿ ಕೊಯ್ದೆ. ಒಂದು ಹಲ್ಲು ಮುರಿದರೆ ಇಡೀ ಚಕ್ರ ಹೋಯಿತು. ಹಾಗೆ ಹೋದವು ಎಷ್ಟೋ. ಚಕ್ರದ ಅಚ್ಚಿಗೆ ಅತ್ತೆಯವರ ಸ್ಟೀಲಿನ ಹೆಣಿಕೆ ಸೂಜಿಗಳನ್ನು ಕೇಳಿ ತೆಗೆದುಕೊಂಡೆ. ಕಣ್ಣು ಮಂಜಾದ ಮೇಲೆ ಅವರು ಸ್ವೆಟರ್ ಹೆಣೆಯುವುದನ್ನು ಬಿಟ್ಟಿದ್ದರು. ಹತ್ತಿರದ್ದು ಕಾಣುವುದಿಲ್ಲ, ದೂರದ್ದು ಎಲ್ಲ ಕಾಣುತ್ತದೆ. ಹಾಲ್‌ನ ಕುರ್ಚಿಯಲ್ಲಿ ಕೂತು ದಿನಕ್ಕೆ ಒಮ್ಮೆಯಾದರೂ ಕೇಳುತ್ತಿದ್ದರು.

"ನನ್ನ ಸೂಜಿ ತಗೊಂಡು ಎಷ್ಟು ಹೆಣದಿ?"

ಒಮ್ಮೆ ನಾನು ಹೊಸದಾಗಿ ಮುಗಿಸಿದ ಚಕ್ರವನ್ನು ಕೈಗೆ ಕೊಟ್ಟೆ. ಅದನ್ನು ತಿರುಗಿಸಿ ತಿರುಗಿಸಿ ಮುಟ್ಟಿ ನೋಡಿ ವಾಪಸು ಕೊಟ್ಟರು.

"ಛಳಿಗಾಲದಾಗ ಇದನ್ನ ಹಾಕ್ಕೊಳ್ಳಿಕ್ಕೆ ಬರೂದಿಲ್ಲ ನೋಡು."

ಮರುವರ್ಷದ ಬೇಸಿಗೆಯಲ್ಲಿ ಗಡಿಯಾರ ನಡೆಯತೊಡಗಿತು. ಭಾರಕ್ಕೆ ಉದ್ದನೆಯ ಸ್ಟೀಲ್ ಡಬ್ಬಿಯಲ್ಲಿ ಜಲ್ಲಿ ತುಂಬಿ ಕಟ್ಟಿದ್ದೆ. ಹಾಲ್‌ನ ಹಳೆಯ ಬ್ಯಾಟರಿ ಗಡಿಯಾರವನ್ನು ಇಳಿಸಿ, ಅದೇ ಮೊಳೆಯ ಜಾಗದಲ್ಲಿ ಎರಡು ದೊಡ್ಡ ಸ್ಕ್ರೂ ಹಾಕಿಸಿ ಇದನ್ನು ನೇತುಹಾಕಿದೆವು. ನಿಮಿಷದ ಮುಳ್ಳು ಅಚ್ಚಿಗೆ ಗಟ್ಟಿಯಾಗಿ ಅಂಟಿರಬಾರದು. ಕೈಯಿಂದ ಸರಿಸಿದರೆ ಮುಳ್ಳಷ್ಟೇ ಸರಿಯಬೇಕು, ಒಳಗಿನ ಚಕ್ರಗಳಿಗೆ ತಾಗಬಾರದು. ಅದಕ್ಕೆ ಹಳೆಯ ಚಪ್ಪಲಿಯ ಪಟ್ಟಿಯಿಂದ ಒಂದು ತೊಗಲಿನ ಬಿಲ್ಲೆ ಕತ್ತರಿಸಿ, ಮೇಣ ಸವರಿ ಕೂರಿಸಿದ್ದೆ. ಇಡೀ ಗಡಿಯಾರದಲ್ಲಿ ನನಗೆ ಹೆಚ್ಚು ಹೆಮ್ಮೆ ಆ ಬಿಲ್ಲೆಯ ಮೇಲೆ. ಒಂದು ಬೆರಳು ಮುಟ್ಟಿದರೆ ಸಾಕು, ಮುಳ್ಳು ಸದ್ದಿಲ್ಲದೆ ಸರಿಯುತ್ತಿತ್ತು. ಅಷ್ಟು ಚೆನ್ನಾಗಿ ಮಾಡದೇ ಇದ್ದಿದ್ದರೆ ಎಷ್ಟೋ ಒಳ್ಳೆಯದಿತ್ತು.

ಬೇಸಿಗೆಯೆಲ್ಲ ಅದು ನಡೆಯಿತು, ನಿಂತಿತು, ನಡೆಯಿತು. ಹಗ್ಗ ಜಾರುವುದು, ಹಲ್ಲಿನ ಸಂದಿಯಲ್ಲಿ ಹುಡಿ ಸಿಕ್ಕುವುದು, ಇಂಥವೇ. ಮನೆಯವರು ಸಮಯಕ್ಕೆ ಅದನ್ನು ನಂಬುತ್ತಿರಲಿಲ್ಲ, ಮೊಬೈಲು ನೋಡಿಕೊಳ್ಳುತ್ತಿದ್ದರು. ಜುಲೈ ಹೊತ್ತಿಗೆ ಅದು ನಿಲ್ಲುವುದು ನಿಂತಿತು. ಇನ್ನು ಲೋಲಕವನ್ನು ಸರಿಪಡಿಸಿ ಸರಿಯಾದ ಸಮಯಕ್ಕೆ ತರುವುದೊಂದೇ ಬಾಕಿ.

ಆಗಲೇ ವಿಜಯಪುರದಿಂದ ಮೈದುನ ಫೋನ್ ಮಾಡಿದ. ಅವನ ಮಗಳಿಗೆ ಇಲ್ಲಿಯ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಹುಡುಗಿ ನಮ್ಮಲ್ಲೇ ಇರುವುದೆಂದು ಒಂದೇ ಫೋನಿನಲ್ಲಿ ನಿಶ್ಚಯವಾಯಿತು. ಅದರಲ್ಲಿ ಕೇಳುವುದೇನೂ ಇರಲಿಲ್ಲ. ನಾನೂ ಬರಲಿ ಎಂದೆ, ಮನಸ್ಸಿನಿಂದಲೇ ಎಂದೆ. ಆದರೆ ನಮ್ಮದು ಒಂದು ಹಾಲ್, ಒಂದು ಕೋಣೆ, ಅಡಿಗೆಮನೆ, ಗ್ರಿಲ್ ಹಾಕಿ ಮುಚ್ಚಿದ ಬಾಲ್ಕನಿ. ಕೋಣೆಯಲ್ಲಿ ಅತ್ತೆ, ಮಗಳು. ಹಾಲ್‌ನಲ್ಲಿ ರಾತ್ರಿ ಗಾದಿ ಹಾಸಿಕೊಂಡು ನಾವಿಬ್ಬರು. ಬಾಲ್ಕನಿಯಲ್ಲಿ ನನ್ನ ಮೇಜು, ಅದರ ತುದಿಗೆ ಕಟ್ಟಿಗೆ ಹಿಡಿಯುವ ಕಬ್ಬಿಣದ ಇಕ್ಕಳ, ಗರಗಸ, ಹುಡಿ.

"ಹುಡುಗಿಗೆ ಬಾಲ್ಕನಿ ಕೊಡಬೇಕಾಗ್ತದ," ಎಂದರು ಯಜಮಾನರು. "ಅಲ್ಲೆ ಮಲಗಲಿಕ್ಕೆ ಒಂದು ದಿವಾನ ಹಾಕೋದು. ಟೇಬಲ್ ತಗೀಬೇಕು."

"ಮಡಚೋ ಮಂಚ ತಂದ್ರ ಟೇಬಲ್ಲೂ ಉಳೀತದ್ರಿ."

"ಉಳಿದು ಏನ್ ಮಾಡೋದು? ಇಷ್ಟು ದಿನಾ ಆತು. ಒಂದು ಗಡಿಯಾರ ಸರೀಗೆ ಟೈಮ್ ತೋರಿಸವಲ್ದು."

"ತೋರಿಸ್ತದ."

"ಯಾವಾಗ?"

ಅವರು ಕೆಟ್ಟವರಲ್ಲ. ಒಂದು ಮಾತು ಆಡಿದರೆ ಅದಕ್ಕೊಂದು ಗಡುವು ಹಾಕುವುದು ಆಫೀಸಿನ ರೂಢಿ. "ಹಂಗಾದ್ರ ಮುಂದಿನ ಐತವಾರ ತನಕಾ ನೋಡೋಣ. ಸರಿ ನಡೀತು, ಟೇಬಲ್ ಇರ್ಲಿ, ಮಡಚೋ ಮಂಚ ತರೋಣ. ಇಲ್ಲಂದ್ರ ದಿವಾನ. ನೀನ ಮತ್ತ ಬ್ಯಾಸರ ಮಾಡ್ಕೋಬಾರದು."

ಮುಂಬಯಿಯ ಮನೆಯಲ್ಲಿ ಒಮ್ಮೆ ಜಾಗ ಕಳೆದುಕೊಂಡ ವಸ್ತು ಮತ್ತೆ ಒಳಗೆ ಬರುವುದಿಲ್ಲ. ಹೊಲಿಗೆ ಯಂತ್ರ ಹೋಯಿತು, ಹಾರ್ಮೋನಿಯಂ ಹೋಯಿತು, ಯಾವುದೂ ತಿರುಗಿ ಬರಲಿಲ್ಲ. ಮೇಜು ಹೋದರೆ ಚಕ್ರ ಬರೆಯುವುದು, ಕೊಯ್ಯುವುದು ಎಲ್ಲ ಅಲ್ಲಿಗೆ ಮುಗಿಯಿತೆಂದೇ ಅರ್ಥ. ಅದಕ್ಕೇ ಆ ವಾರ ನನಗೆ ಗಡಿಯಾರ ಬಿಟ್ಟು ಬೇರೆ ಧ್ಯಾನ ಇರಲಿಲ್ಲ.

ಆಗ ಶುರುವಾಯಿತು ಆ ಹತ್ತು ನಿಮಿಷದ ಕಾಟ.

ಯಜಮಾನರೂ ಮಗಳೂ ಹೊರಟ ಮೇಲೆ, ಚಹದ ಲೋಟ ಹಿಡಿದು ಬಂದು ಮೊಬೈಲಿಗೆ ಹೋಲಿಸಿದರೆ ಗಡಿಯಾರ ಹತ್ತು ನಿಮಿಷ ಮುಂದೆ. ಸರಿಮಾಡಿ ಇಡುತ್ತಿದ್ದೆ. ಮಧ್ಯಾಹ್ನ ನೋಡಿದರೆ ಒಂಚೂರು ಹಿಂದೆ. ದೀಪ ಹಚ್ಚಿದ ಮೇಲೆ ನೋಡಿದರೆ ಸರಿಯಾಗಿದೆ. ಮರುದಿನ ಬೆಳಿಗ್ಗೆ ಮತ್ತೆ ಹತ್ತು ನಿಮಿಷ ಮುಂದೆ. ಲೋಲಕದ ಬುಡದಲ್ಲಿ ಒಂದು ನಟ್ಟು ಇದೆ. ಅದನ್ನು ಇಳಿಸಿದರೆ ಲೋಲಕ ಉದ್ದವಾಗಿ ಗಡಿಯಾರ ನಿಧಾನವಾಗಬೇಕು. ಇಳಿಸಿದೆ. ಬೆಳಿಗ್ಗೆ ಹತ್ತು ನಿಮಿಷ ಮುಂದೆ. ಇನ್ನೂ ಇಳಿಸಿದೆ. ಹತ್ತು ನಿಮಿಷ ಮುಂದೆ. ನಟ್ಟು ಎಷ್ಟು ಇಳಿದರೂ ಅದೇ ಹತ್ತು. ಒಂಬತ್ತಿಲ್ಲ, ಹನ್ನೊಂದಿಲ್ಲ.

ಇಂಥ ಹೊತ್ತಿನಲ್ಲಿ ತಿಳಿದವರು ಕಾರಣ ಹುಡುಕುತ್ತಾರೆ. ನಾನೂ ಹುಡುಕಿದೆ. ರಾತ್ರಿ ಏನೋ ಆಗುತ್ತಿದೆ. ರಾತ್ರಿಯ ಗಾಳಿಯಲ್ಲಿ ಪಸೆ ಹೆಚ್ಚು. ಲೋಲಕದ ಕಟ್ಟಿಗೆ ಕೋಲು ಪಸೆ ಕುಡಿದು ತೂಕ ಬದಲಾಗುತ್ತಿರಬೇಕು. ಕೋಲಿಗೆ ಮೇಣ ತಿಕ್ಕಿದೆ. ರಾತ್ರಿ ಗಡಿಯಾರಕ್ಕೆ ಶಾಲು ಹೊದಿಸಿದೆ. ಅದೂ ಸಾಲದೆಂದು ಕೆಳಗೆ ಸ್ಟೂಲಿನ ಮೇಲೆ ಟೇಬಲ್ ಲ್ಯಾಂಪ್ ಹೊತ್ತಿಸಿಟ್ಟೆ.

"ಇದಕ್ಕ ಜ್ವರಾ ಬಂದಾವೇನು?" ಎಂದರು ಯಜಮಾನರು, ದಿಂಬನ್ನು ಮುಖದ ಮೇಲೆ ಎಳೆದುಕೊಳ್ಳುತ್ತ.

ಅತ್ತೆಯವರು ಕುರ್ಚಿಯಿಂದ ಇದೆಲ್ಲ ನೋಡುತ್ತಿದ್ದರು. ಒಂದು ಸಲ, "ರಾತ್ರಿ ಏನೂ ಆಗೂದಿಲ್ಲ ಅದಕ್ಕ," ಎಂದರು. ಅವರಿಗೇನು ಗೊತ್ತು ಎಂದುಕೊಂಡು ಶಾಲನ್ನು ಇನ್ನೊಂದು ಸುತ್ತು ಬಿಗಿ ಮಾಡಿದೆ.

ಬೆಳಿಗ್ಗೆ ಯಜಮಾನರು ಸ್ನಾನಕ್ಕೆ ಹೋಗುವ ಹೊತ್ತಿನಲ್ಲಿ ನಾನು ಯಾವತ್ತೂ ಅಡಿಗೆಮನೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಚಪಾತಿ ಬೇಯಿಸುತ್ತಿರುತ್ತೇನೆ. ಆ ಶನಿವಾರ ತುಪ್ಪದ ಡಬ್ಬಿ ಹಾಲ್‌ನಲ್ಲೇ ಉಳಿದಿತ್ತು. ತರಲು ಬಂದೆ.

ಯಜಮಾನರು ಸ್ಟೂಲಿನ ಮೇಲೆ ನಿಂತಿದ್ದರು. ಬಾಯಲ್ಲಿ ಬ್ರಶ್ಶು, ಹೆಗಲ ಮೇಲೆ ಟವೆಲ್, ಎಡಗೈಯಲ್ಲಿ ಕೈಗಡಿಯಾರ. ಬಲಗೈಯ ತೋರುಬೆರಳಿನಿಂದ ನನ್ನ ನಿಮಿಷದ ಮುಳ್ಳನ್ನು ಮೆಲ್ಲಗೆ ಮುಂದಕ್ಕೆ ಸರಿಸುತ್ತಿದ್ದರು. ಮಗುವಿನ ಗಲ್ಲ ಮುಟ್ಟಿದಷ್ಟು ಮೆತ್ತಗೆ.

"ಏನ್ ಮಾಡ್ಲಿಕ್ಹತ್ತೀರಿ?"

ಅವರು ಗಾಬರಿಯಾಗಲಿಲ್ಲ. ಬ್ರಶ್ಶು ತೆಗೆದು, ಇಳಿದು, ಬಾಯಿ ತೊಳೆದುಕೊಂಡು ಬಂದರು. ಮುಖದಲ್ಲಿ ಸಿಕ್ಕಿಬಿದ್ದ ಕಳೆಯಿರಲಿಲ್ಲ. ನನ್ನ ಬಗ್ಗೆ ಮರುಕವಿತ್ತು.

"ನೋಡು, ಹೇಳಬಾರದು ಅಂತ ಮಾಡಿದ್ದೆ. ದಿನಾ ಹಿಂದ ಬೀಳ್ತದ ನಿನ್ನ ಗಡಿಯಾರ. ನಾ ದಿನಾ ಸರಿ ಮಾಡಿ ಇಡ್ತೇನಿ. ಮರುದಿನಾ ನೋಡಿದ್ರ ಮತ್ತ ಹತ್ತು ನಿಮಿಷ ಹಿಂದ."

"ಸರಿ ಅಂದ್ರ ಎಷ್ಟಕ್ಕ ಇಡ್ತೀರಿ?"

"ಎಷ್ಟಕ್ಕ ಅಂದ್ರ? ಹಾಲ್‌ನ ಗಡಿಯಾರ ಎಷ್ಟಕ್ಕ ಇರ್ತದ? ಹತ್ತು ನಿಮಿಷ ಮುಂದ."

ತುಪ್ಪದ ಡಬ್ಬಿ ಹಿಡಿದು ನಿಂತೆ. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಮ್ಮ ಮನೆಯಲ್ಲಿ ಹಾಲ್‌ನ ಗಡಿಯಾರ ಯಾವತ್ತೂ ಹತ್ತು ನಿಮಿಷ ಮುಂದೆಯೇ ಇರುತ್ತಿತ್ತು. ಎದುರು ಮನೆಯಲ್ಲೂ ಹಾಗೇ, ಕೆಳಗಿನ ಮನೆಯಲ್ಲೂ ಹಾಗೇ. ಲೋಕಲ್ ಹಿಡಿಯುವ ಊರಿನಲ್ಲಿ ಗೋಡೆಯ ಗಡಿಯಾರ ಸಮಯ ತೋರಿಸುವುದಕ್ಕಲ್ಲ, ಓಡಿಸುವುದಕ್ಕೆ. ಅದು ಮುಂದಿದೆಯೆಂದು ಎಲ್ಲರಿಗೂ ಗೊತ್ತು, ಎಲ್ಲರೂ ಮನಸ್ಸಿನಲ್ಲಿ ಹತ್ತು ಕಳೆಯುತ್ತಾರೆ, ಆದರೂ ಅದನ್ನು ನೋಡಿಯೇ ಚಪ್ಪಲಿ ಮೆಟ್ಟುತ್ತಾರೆ. ಬ್ಯಾಟರಿ ಗಡಿಯಾರವನ್ನು ನಾನೇ ಎಷ್ಟು ಸಲ ಹಾಗೆ ಇಟ್ಟಿದ್ದೆ. ಆದರೆ ಇದು ನನ್ನ ಲೆಕ್ಕದ ಗಡಿಯಾರ. ಇದಕ್ಕೂ ಅದೇ ಶಿಸ್ತು ಬರುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಅಷ್ಟರಲ್ಲಿ ಮಗಳು ಕೂದಲು ಬಾಚುತ್ತ ಕೋಣೆಯಿಂದ ಹೊರಗೆ ಬಂದಳು. ಕಾಲೇಜಿನ ಕೊನೆಯ ವರ್ಷ. ಕನ್ನಡ ಪೂರ್ತಿ ತಿಳಿಯುತ್ತದೆ, ಬಾಯಿಗೆ ಬರುವುದು ಅರ್ಧ.

"ಪಪ್ಪಾ, ನೀವು ಫಾಸ್ಟ್ ಮಾಡ್ತಿದ್ರಾ? ಮೈ ತೋ ರೋಜ್ ಸಂಜೆ ಬಂದು ಠೀಕ್ ಮಾಡ್ತಿದ್ದೆ."

"ನೀ ಯಾಕ ಮುಟ್ಟಿದಿ?" ಎಂದೆ.

"ಮಮ್ಮಿ, ನೀ ಸೋತುಬಿಡ್ತಿದ್ದೆ ನಾ. ಸಂಡೇವರೆಗೂ ಟೆಸ್ಟ್ ಇತ್ತಲ್ಲ. ಮಧ್ಯ ಮಧ್ಯ ಒಂದಿಷ್ಟು ಹಿಂದೆ ಇರ್ತಿತ್ತು, ಅದಕ್ಕೆ ನಾನು ಮೊಬೈಲ್ ನೋಡಿ ಸೆಟ್ ಮಾಡ್ತಿದ್ದೆ. ಚುಪಕೇ ಸೇ, ಗೊತ್ತಾಗದ ಹಾಗೆ."

ಅಲ್ಲಿಗೆ ಲೆಕ್ಕ ಕೂಡಿತು. ಬೆಳಿಗ್ಗೆ ಅಪ್ಪ ಹತ್ತು ನಿಮಿಷ ಮುಂದೆ ತಳ್ಳುತ್ತಾರೆ. ನಾನು ಅದು ರಾತ್ರಿಯ ಪಸೆಯೆಂದು ಮುಳ್ಳನ್ನು ಹಿಂದೆ ತರುತ್ತೇನೆ, ನಟ್ಟು ಇಳಿಸುತ್ತೇನೆ. ಸಂಜೆ ಮಗಳು ಬಂದು ಕಡಿಮೆಬಿದ್ದದ್ದನ್ನು ತುಂಬುತ್ತಾಳೆ. ಮರುದಿನ ಅಪ್ಪ ನೋಡಿದರೆ ತಾವು ಇಟ್ಟ ಹತ್ತು ನಿಮಿಷ ಇಲ್ಲ. ಅವರ ಪ್ರಕಾರ ಅದು ಹಿಂದೆ ಓಡುವ ಗಡಿಯಾರ, ನನ್ನ ಪ್ರಕಾರ ಮುಂದೆ ಓಡುವ ಗಡಿಯಾರ. ಇಬ್ಬರೂ ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದೆವು. ನನಗೆ ನೋವಾಗಬಾರದೆಂದು ಅಪ್ಪ ಮಗಳು ಬಾಯಿ ಬಿಟ್ಟಿರಲಿಲ್ಲ. ಸಿಟ್ಟು ಮಾಡಬೇಕೆಂದರೆ ಯಾರ ಮೇಲೆ ಮಾಡುವುದು? ಅದೇ ಇನ್ನಷ್ಟು ಸಿಟ್ಟು ಬರಿಸುತ್ತಿತ್ತು.

"ಅತ್ಯಾರ, ನೀವು ಇಲ್ಲೇ ಕೂತಿರ್ತೀರಿ. ನೀವು ನೋಡಿದ್ದಿಲ್ಲೇನ್ರಿ?"

"ನೋಡಿದ್ದೆ," ಎಂದರು ಅತ್ತೆ. "ಮುಂಜಾನೆ ಅವ ಏರ್ತಾನ, ಆಮ್ಯಾಲೆ ನೀ ಏರ್ತಿ, ಸಂಜೀಗೆ ಆಕಿ ಏರ್ತಾಳ. ಇದು ಹಿಂಗ ನಡಸೋ ಗಡಿಯಾರ ಇರಬೇಕು ಅಂತ ಮಾಡಿದ್ದೆ."

ಮಗಳು ನಕ್ಕಳು. ಯಜಮಾನರು ನಗು ತಡೆದುಕೊಂಡು ಸ್ನಾನಕ್ಕೆ ಹೋದರು. ಒಳಗೆ ತವೆಯ ಮೇಲಿನ ಚಪಾತಿ ಸುಟ್ಟು ಕರಕಾಗಿತ್ತು.

ಇಬ್ಬರೂ ಹೋದ ಮೇಲೆ ಸ್ಟೂಲು ಹತ್ತಿ ಮುಳ್ಳುಗಳನ್ನು ಕಿತ್ತೆ. ಮೊದಲು ನಿಮಿಷದ್ದು, ಆಮೇಲೆ ಗಂಟೆಯದ್ದು. ಹಿಡಿಯಲು ಮುಳ್ಳೇ ಇಲ್ಲದಿದ್ದರೆ ಯಾರು ಏನನ್ನು ಸರಿಸುತ್ತಾರೆ? ಮುಳ್ಳು ಕೂರುವ ಅಚ್ಚಿನ ಹಿಂದಿನ ಚಕ್ರದ ಮೇಲೆ ಪೆನ್ಸಿಲ್ಲಿನಿಂದ ಒಂದು ಗೀಟು ಹಾಕಿದೆ, ಚೌಕಟ್ಟಿನ ಮೇಲೆ ಇನ್ನೊಂದು. ಚಕ್ರ ಗಂಟೆಗೆ ಒಂದು ಸುತ್ತು. ಗೀಟಿಗೆ ಗೀಟು ಕೂಡಿದಾಗ ಮೊಬೈಲಿನಲ್ಲಿ ಸರಿಯಾಗಿ ಒಂದು ಗಂಟೆ ಆಗಿರಬೇಕು. ಬೇಳೆ ಆರಿಸುತ್ತ ಕಾದೆ.

ಕೂಡಲಿಲ್ಲ. ಮೊಬೈಲಿನಲ್ಲಿ ಗಂಟೆ ಆದಾಗ ಗೀಟು ಇನ್ನೂ ಕೂದಲೆಳೆಯಷ್ಟು ಹಿಂದಿತ್ತು. ಮುಂದಿನ ಗಂಟೆಗೆ ಎರಡು ಕೂದಲೆಳೆ. ಗಡಿಯಾರ ಈಗ ನಿಜಕ್ಕೂ ಹಿಂದೆ ಬೀಳುತ್ತಿತ್ತು. ಬೀಳದೆ ಏನು ಮಾಡೀತು? ಇಲ್ಲದ ಪಸೆಯ ಮೇಲೆ ಸೇಡು ತೀರಿಸಿಕೊಳ್ಳಲು ನಟ್ಟನ್ನು ಇಳಿಸುತ್ತಲೇ ಹೋಗಿದ್ದೆ. ಮೊದಲು ಅದು ಎಲ್ಲಿತ್ತೆಂದು ಗುರುತೂ ಮಾಡಿರಲಿಲ್ಲ. ಬಹುಶಃ ಮೊದಲ ದಿನವೇ ಅದು ಸರಿಯಾಗಿತ್ತು. ಸರಿಯಾಗಿದ್ದುದನ್ನು ಮನೆಯವರೆಲ್ಲ ಸೇರಿ ಒಂದು ವಾರ ಕಷ್ಟಪಟ್ಟು ಕೆಡಿಸಿದ್ದೆವು. ಭಾನುವಾರಕ್ಕೆ ಒಂದೇ ದಿನ. ನಟ್ಟನ್ನು ಒಂದು ಸುತ್ತು ಏರಿಸಿ, ಮತ್ತೆ ಗೀಟು ನೋಡುತ್ತ ಕೂತೆ.

"ಎಷ್ಟಾತು ಈಗ?" ಎಂದರು ಅತ್ತೆ.

"ಗೊತ್ತಿಲ್ರಿ. ಮುಳ್ಳು ತಗದೇನಿ."

"ಹಂ," ಎಂದರು. "ಈಗ ಚೊಲೊ ಕಾಣಸ್ತದ. ಯಾರ ಜೋಡೀನೂ ಜಗಳಿಲ್ಲ."

ಮಧ್ಯಾಹ್ನ ಫೋನ್ ಬಂತು. ದಾದರಿನ ಫರ್ನಿಚರ್ ಅಂಗಡಿಯವನು. ದಿವಾನ ಕಳಿಸುತ್ತಿದ್ದೇವೆ, ಮನೆಯಲ್ಲಿ ಯಾರಾದರೂ ಇದ್ದೀರಾ, ಲಿಫ್ಟಿನಲ್ಲಿ ಹಿಡಿಸುತ್ತದೆಯೇ ಎಂದು ಮರಾಠಿಯಲ್ಲಿ ಕೇಳಿದ. ಯಾವ ದಿವಾನ ಎಂದೆ. ಸಾಹೇಬರು ಗುರುವಾರವೇ ಬುಕ್ ಮಾಡಿದ್ದಾರಲ್ಲ ಎಂದ. ಲಿಫ್ಟಿನಲ್ಲಿ ನಿಲ್ಲಿಸಿದರೆ ಹಿಡಿಸುತ್ತದೆ ಎಂದು ಹೇಳಿ ಫೋನ್ ಇಟ್ಟೆ. ಆ ಕ್ಷಣದಲ್ಲೂ ಅಳತೆಯ ಪ್ರಶ್ನೆಗೆ ಸರಿಯಾದ ಉತ್ತರವೇ ಬಾಯಿಗೆ ಬಂತು, ನೋಡಿ.

ಶನಿವಾರ ಅರ್ಧ ದಿನ. ಯಜಮಾನರು ಬಂದು ಬೂಟಿನ ಲೇಸ್ ಬಿಚ್ಚಲು ಬಗ್ಗಿದಾಗ ಕೇಳಿದೆ.

"ಗುರುವಾರನ ದಿವಾನ ಬುಕ್ ಮಾಡೀರಂತ?"

ಲೇಸ್ ಬಿಚ್ಚುವುದಕ್ಕೆ ಬಹಳ ಹೊತ್ತು ಹಿಡಿಯಿತು. "ಸೇಲ್ ಇತ್ತು. ಗುರುವಾರ ಕಡೀ ದಿನಾ."

"ಐತವಾರ ತನಕಾ ಅಂದಿದ್ರಿ."

"ಅಂದಿದ್ದೆ. ಆದ್ರ ದಿನಾ ಹಿಂದ ಬೀಳ್ತಿತ್ತಲ್ಲ, ಸರಿ ಆಗೋ ಲಕ್ಷಣ ಕಾಣಲಿಲ್ಲ."

"ಯಾರು ಬೀಳಿಸ್ತಿದ್ರು?"

"ಈಗ ಗೊತ್ತಾತು. ಗುರುವಾರ ಗೊತ್ತಿದ್ದಿಲ್ಲ." ಗೋಡೆಯ ಕಡೆ ನೋಡಿದರು. "ಮುಳ್ಳು ಎಲ್ಲಿ?"

"ಬಟ್ಟಲದಾಗ."

"ಹಂಗಾದ್ರ ಈಗ ಟೈಮ್ ಸರಿ ಅದನೋ ಇಲ್ಲೋ?"

ಇದೆ ಎಂದುಬಿಡಬಹುದಿತ್ತು. ಮುಳ್ಳೇ ಇಲ್ಲದ ಗಡಿಯಾರದ ಸುಳ್ಳನ್ನು ಯಾರು ಹಿಡಿಯುತ್ತಾರೆ? ಆದರೆ ಲೆಕ್ಕದ ವಿಷಯದಲ್ಲಿ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ಇಲ್ಲ. ಹಿಂದ ಬೀಳ್ತದ," ಎಂದೆ. ಹೇಳಿ ಬಾಲ್ಕನಿಯ ಮೇಜಿನ ಕಡೆ ನಡೆದೆ.

ದಿವಾನ ಬಂತು. ಹೊತ್ತು ತಂದ ಇಬ್ಬರು ಬಾಗಿಲಲ್ಲಿ ನಿಂತು ಎಲ್ಲಿ ಇಡಬೇಕೆಂದು ಕೇಳಿದರು. ಯಜಮಾನರು ಬಾಲ್ಕನಿಯ ಕಡೆ ಕೈ ಎತ್ತಿದರು. ಬಾಲ್ಕನಿಯ ತುಂಬ ಮೇಜು ಇತ್ತು, ಮೇಜಿನ ಮುಂದೆ ನಾನಿದ್ದೆ. ನಾನು ಮೇಜಿನ ಮೇಲಿನ ಗರಗಸ ತೆಗೆದು ಗೋಣಿಚೀಲಕ್ಕೆ ಹಾಕತೊಡಗಿದೆ. ಸೋತಿದ್ದೆ, ಸರಿ, ಆಡಿದ ಮಾತು ಆಡಿದ ಹಾಗೆ.

ಹಾಲ್‌ನಲ್ಲಿ ಅತ್ತೆಯವರ ಕೋಲು ನೆಲಕ್ಕೆ ಬಡಿದ ಸದ್ದಾಯಿತು.

"ಇಥೇಚ ಠೇವಾ," ಇಲ್ಲೇ ಇಡಿ, ಎಂದು ಹೊತ್ತವರಿಗೆ ಮರಾಠಿಯಲ್ಲಿ ಹೇಳಿದರು. ಕೋಲು ತೋರಿಸಿದ್ದು ಗಡಿಯಾರದ ಕೆಳಗಿನ ಗೋಡೆಯನ್ನು. ಹೊತ್ತವರಿಗೆ ಇಷ್ಟು ಸಾಕಾಯಿತು, ಅಲ್ಲೇ ಇಳಿಸಿಬಿಟ್ಟರು.

"ಅವ್ವಾ, ಅದು ಹುಡುಗೀಗೆ ಬಾಲ್ಕನಿಗೆ ತಂದದ್ದು."

"ಹುಡುಗಿ ಒಳಗ ನಿನ್ನ ಮಗಳ ಜೋಡಿ ಮಲಗ್ತದ. ಒಂದ ವಾರಿಗೀ ಹುಡುಗ್ಯಾರು, ಮಾತಾಡ್ಕೋತ ಮಲಗ್ತಾವ. ನಾ ಇಲ್ಲೆ ಇದರ ಮ್ಯಾಲ ಮಲಗ್ತೇನಿ."

"ಇದರ ಬುಡಕ? ರಾತ್ರಿಯೆಲ್ಲಾ ಟಕ್ ಟಕ್ ಅಂತದ."

"ಅನ್ಲಿ. ನನಗ ಹೆಂಗೂ ನಿದ್ದಿ ಇಲ್ಲ. ಅದು ಸರಿ ನಡೀತದೋ ಇಲ್ಲೋ, ಒಬ್ರೂ ಮುಟ್ಟದ ಬಿಟ್ರ ತಾನ ಗೊತ್ತಾಗ್ತದ. ಈಗ ಯಾವ ಮಗಾ ಬಂದು ಏರ್ತಾನ ಏರ್ಲಿ, ನನ್ನ ಕಾಲು ತುಳದ ಏರಬೇಕು."

"ಮತ್ತ ನಾವು?" ಎಂದರು ಯಜಮಾನರು.

ಅತ್ತೆ ಬಾಲ್ಕನಿಯ ಕಡೆ ನೋಡಿದರು. "ಅಲ್ಲೆ ಮಲಕ್ಕೊಳ್ರಿ. ಮ್ಯಾಲ ಟೇಬಲ್ ಅದ, ಮಳಿ ಸಿಡಿದ್ರೂ ತಲಿ ತೋಯಿಸೂದಿಲ್ಲ."

ಯಜಮಾನರು ನನ್ನನ್ನು ನೋಡಿದರು. ನಾನು ಗೋಣಿಚೀಲದಿಂದ ಗರಗಸ ಹೊರಗೆ ತೆಗೆದೆ.

ಮೇಜು ಉಳಿಯಿತು. ಸಂತೋಷವಾಗಬೇಕಿತ್ತು. ಆಗಲಿಲ್ಲವೆಂದರೆ ಜನ ಏನೆನ್ನುತ್ತಾರೋ. ಮೇಜು ಉಳಿದದ್ದು ನನ್ನ ಚಕ್ರಗಳು ಸರಿಯಾಗಿ ತಿರುಗಿದ್ದಕ್ಕಲ್ಲ, ಅತ್ತೆಯವರಿಗೆ ದಿವಾನ ಹಿಡಿಸಿದ್ದಕ್ಕೆ. ಗಡಿಯಾರ ಆಗಲೂ ಹಿಂದೆಯೇ ಬೀಳುತ್ತಿತ್ತು. ನಟ್ಟು ಏರಿಸುತ್ತ, ಗೀಟು ನೋಡುತ್ತ, ಅದರ ಸರಿಯಾದ ಜಾಗ ಸಿಗುವುದಕ್ಕೆ ಇನ್ನು ಎಷ್ಟು ದಿನವೋ. ಅಲ್ಲಿಯವರೆಗೆ ಮುಳ್ಳು ಹಾಕುವುದಿಲ್ಲವೆಂದು ಮೂವರಿಗೂ ಹೇಳಿದೆ. ಮಗಳು ಕಾಲೇಜಿನಿಂದ ಬಂದವಳು ಖಾಲಿ ಮುಖದ ಗಡಿಯಾರದ ಫೋಟೊ ತೆಗೆದು ಗೆಳತಿಯರಿಗೆ ಕಳಿಸಿದಳು. ಯಜಮಾನರು ಹಳೆಯ ಬ್ಯಾಟರಿ ಗಡಿಯಾರವನ್ನು ಅಟ್ಟದಿಂದ ತೆಗೆದು ಬಾಗಿಲ ಮೇಲೆ ಹಾಕಿದರು. ಹತ್ತು ನಿಮಿಷ ಮುಂದೆ.

ರಾತ್ರಿ ಹೊಸ ಅಡಿಗೆ ಮಾಡುವ ಮನಸ್ಸಿರಲಿಲ್ಲ. ಬೆಳಗಿನ ಚಪಾತಿಗಳನ್ನು ಮುರಿದು ಉಳ್ಳಾಗಡ್ಡಿ ಹಾಕಿ ಒಗ್ಗರಣೆ ಕೊಟ್ಟೆ. ಜೊತೆಗೆ ಮಜ್ಜಿಗೆ, ಅತ್ತೆಯವರಿಗೆ ಮಾತ್ರ ಮೆತ್ತಗಿನ ಅನ್ನ. ಕರಕಾದ ಚಪಾತಿಯನ್ನೂ ಅದರಲ್ಲೇ ಮುರಿದು ಹಾಕಿದ್ದೆ, ಅದು ಯಜಮಾನರ ತಾಟಿಗೆ ಹೋಯಿತು. ಏನೂ ಅನ್ನದೆ ತಿಂದರು. ಬಾಲ್ಕನಿಯಲ್ಲಿ ಗಾದಿ ಹಾಸಿದರೆ ತಲೆಯ ಭಾಗ ಮೇಜಿನ ಕೆಳಗೇ ಬರುತ್ತಿತ್ತು, ಇಕ್ಕಳದ ಹಿಡಿ ನನ್ನ ಹಣೆಯ ನೇರಕ್ಕೆ. ಆಚೆ ದಿವಾನದ ಮೇಲೆ ಅತ್ತೆ ಎಚ್ಚರವಾಗಿಯೇ ಇದ್ದರು, ಒಳಗೆ ಮಗಳು ಮೊಬೈಲು ನೋಡುತ್ತಿದ್ದಳು. ನನ್ನ ಪಕ್ಕ ಯಜಮಾನರು ಒಮ್ಮೆ ಕೆಮ್ಮಿದರು, ಕೂದಲಿಗೆ ಹತ್ತಿದ ಕಟ್ಟಿಗೆ ಹುಡಿ ಕೊಡವಿಕೊಂಡರು, ಗೋಡೆಗೆ ಹೊರಳಿದರು. ಎಲ್ಲರಿಗಿಂತ ಮೊದಲು ನಿದ್ದೆ ಹೋದವರು ಅವರೇ.